ಅಪ್‌ಡೇಟ್: ಆರ್‌ಸಿ (ರಿಮೋಟ್ ಆಟಿಕೆ) ಕಾರಿಗೆ ಚಾರ್ಜರ್ ತಗೊಂಡಾಯ್ತು (ಕಾರವಾರ)

ಟೂ-ಎಸ್ (ಸರಣಿಯಲ್ಲಿ ಎರಡು ಸೆಲ್) 5000 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್ ಬ್ಯಾಟರಿ), ಆರು ಸೆಲ್ಲಿನ ಹಳೇ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್, ಎರಡಕ್ಕೂ ಆಗುವ ಒಂದೇ ಚಾರ್ಜರ್ ಯಾವುದು ಅಂತ ಕೇಳಿದ್ದೆ. ತಗೊಂಡಿದ್ದು ಎಸಿ-ಡಿಸಿ ಎರಡೂ ಇನ್‌ಪುಟ್ ಇರುವ 80 ವ್ಯಾಟಿನ ಬ್ಯಾಲೆನ್ಸ್ ಚಾರ್ಜರ್, ಅಂದ್ರೆ ಎಲ್ಲಾ ಸೆಲ್‌ಗಳ ವೋಲ್ಟೇಜ್ ಸಮ ಮಾಡುವಂಥದ್ದು.

ಈ ಲಿಪೋಗೆ 1ಸಿ (ಸಾಮರ್ಥ್ಯದಷ್ಟೇ ಕರೆಂಟಿನಲ್ಲಿ ಚಾರ್ಜ್ ಮಾಡೋದು) ಅಂದ್ರೆ 5 ಆಂಪ್. ತುಂಬುವಾಗ 8.4 ವೋಲ್ಟ್, ಗುಣಿಸಿದರೆ 42 ವ್ಯಾಟ್. ಸದ್ಯಕ್ಕೆ 50 ವ್ಯಾಟಿನದೇ ಸಾಕಿತ್ತು. ಆದ್ರೆ ಅಷ್ಟೇ ಸಾಮರ್ಥ್ಯದ ತ್ರೀ-ಎಸ್ ಹಾಕಿದರೆ 63 ವ್ಯಾಟ್ ಬೇಕು. ಡಿಸಿ ಇನ್‌ಪುಟ್ ನೋಡಿದ್ದು ಮಳೆಗಾಲಕ್ಕಾಗಿ: ಕರೆಂಟ್ ಹೋದ್ರೆ 12 ವೋಲ್ಟಿನ ಕಾರ್ ಬ್ಯಾಟರಿಯಿಂದ ನಡೆಯುತ್ತೆ.

ಬ್ಯಾಟರಿ ಬಗೆಯ ಮೋಡ್ ಮಾತ್ರ ಪ್ರತಿ ಸಲ ಓದಿಯೇ ಸ್ಟಾರ್ಟ್ ಒತ್ತಬೇಕು. ನಿಕಲ್ ಮೋಡ್ ಪ್ಯಾಕ್ ತುಂಬಿದಾಗ ವೋಲ್ಟೇಜ್ ಸ್ವಲ್ಪ ಇಳಿಯೋದನ್ನೇ ಕಾಯುತ್ತೆ. ಲಿಪೋದಲ್ಲಿ ಆ ಇಳಿತ ಬರೋದಿಲ್ಲ, ಚಾರ್ಜ್ ಏರ್ತಾ ಹೋಗಿ ಪ್ಯಾಕ್ ಉಬ್ಬಿ ಬೆಂಕಿ ಹತ್ತಬಹುದು. ಲಿಪೋಗೆ ಮೂರು ತಂತಿಯ ಬಿಳಿ ಬ್ಯಾಲೆನ್ಸ್ ಪ್ಲಗ್ಗೂ ಹಾಕಲೇಬೇಕು. ಇಲ್ಲದಿದ್ರೆ ಒಟ್ಟು 8.4 ಸರಿ ಕಂಡರೂ, ತಲಾ 4.2 ಇರುವ ಬದಲು ಒಂದು ಸೆಲ್ 4.3, ಇನ್ನೊಂದು 4.1 ಇರಬಹುದು.

ಕಡಲ ಗಾಳಿಗೆ ಆ ಪ್ಲಗ್ಗಿನ ಪಿನ್ ಹಸಿರುಗಟ್ಟಿದರೆ ಸೆಲ್ ರೀಡಿಂಗೇ ತಪ್ಪು ಬರುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಚುಚ್ಚಿ. ಜೂನ್‌ನಿಂದ ಕಾರು ಓಡಿಸದವರು ಲಿಪೋವನ್ನು ಸ್ಟೋರೇಜ್ ಮೋಡಿನಲ್ಲಿ ಸೆಲ್ಲಿಗೆ ಸುಮಾರು 3.8 ವೋಲ್ಟಿಗೆ ತಂದಿಡಿ.