ಲೋಟ ಕೈಗೆ ಎಟುಕುತ್ತದೆಯೇ?

ಗದಗಿನಲ್ಲಿರುವ ತಂದೆಯವರಿಗೆ ಆರೈಕೆಯ ಮನೆ ಹುಡುಕುತ್ತಿರುವವರು ಒಳ್ಳೆಯ ಜಾಗವನ್ನು ಗುರುತಿಸುವುದು ಹೇಗೆ ಎಂದು ಮೊನ್ನೆ ಈ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಸಾಕಷ್ಟು ಉತ್ತರಗಳು ಬಂದಿವೆ. ಅರ್ಧ ಮಂದಿ ಹೆತ್ತವರನ್ನು ಹೀಗೆ ಬಿಡಬಹುದೇ ಎಂದು ಬುದ್ಧಿ ಹೇಳಿದ್ದಾರೆ. ಇನ್ನರ್ಧ ಮಂದಿ ಫೋಟೋಗಳಲ್ಲಿ ಹುಲ್ಲುಹಾಸು ಚೆನ್ನಾಗಿ ಕಾಣುವ ಜಾಗಗಳನ್ನು ಸೂಚಿಸಿದ್ದಾರೆ. ಬುದ್ಧಿ ಹೇಳಿದವರಿಗೆ ನನ್ನ ನಮಸ್ಕಾರ. ಅವರಲ್ಲಿ ಯಾರಾದರೂ ಹಾಸಿಗೆ ಹಿಡಿದ ಎಪ್ಪತ್ತು ಕಿಲೋ ತೂಕದ ಮನುಷ್ಯರನ್ನು ರಾತ್ರಿ ಎರಡು ಗಂಟೆಗೆ ಒಬ್ಬರೇ ಮಗ್ಗುಲು ಬದಲಿಸಿ ಮಲಗಿಸಿದ್ದರೆ ಅವರ ಮಾತನ್ನು ಇನ್ನೊಮ್ಮೆ ಕೇಳುತ್ತೇನೆ.

ಮೊದಲು ಒಂದು ಚಿಕ್ಕ ವಿಷಯ. ಹುಬ್ಬಳ್ಳಿಗೆ ಫೋನ್ ಮಾಡಿ ನರ್ಸಿಂಗ್ ಹೋಮ್ ಬೇಕು ಎಂದರೆ ಹೆರಿಗೆಯೋ ಆಪರೇಶನ್ನೋ ಎಂದು ಕೇಳುತ್ತಾರೆ. ನಮ್ಮ ಕಡೆ ಆ ಹೆಸರು ಇಂದಿಗೂ ಸಣ್ಣ ಖಾಸಗಿ ಆಸ್ಪತ್ರೆಯದು. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಾಗಿರುವ ನರ್ಸಿಂಗ್ ಹೋಮ್ ಎಂದು ಬೋರ್ಡು ಇದ್ದರೆ ಅಲ್ಲಿ ಚಿಕಿತ್ಸೆಗೆ ಅನುಮತಿ ಇದೆ ಎಂದಷ್ಟೇ ತಿಳಿಯುತ್ತದೆ. ಮುದುಕರನ್ನು ವರ್ಷಗಟ್ಟಲೆ ಹೇಗೆ ನೋಡಿಕೊಳ್ಳುತ್ತಾರೆ ಎಂಬುದು ಅದರಿಂದ ತಿಳಿಯುವುದಿಲ್ಲ.

ನಾನು ಅಮೆರಿಕದ ಒಹಾಯೊದಲ್ಲಿ ಒಂದು ನರ್ಸಿಂಗ್ ಹೋಮಿನ, ಅಂದರೆ ಹಿರಿಯರ ಆರೈಕೆಯ ಮನೆಯ, ಲೆಕ್ಕಪತ್ರ ನೋಡುತ್ತೇನೆ. ಇಲ್ಲಿ ಇಂಥ ಮನೆಗಳಿಗೆ ಕೇಂದ್ರ ಸರ್ಕಾರವೇ ಒಂದರಿಂದ ಐದು ನಕ್ಷತ್ರ ಕೊಡುತ್ತದೆ. ಹೇಳದೇ ಕೇಳದೇ ಬರುವ ತಪಾಸಣೆ, ಸಿಬ್ಬಂದಿಯ ಪ್ರಮಾಣ, ಆರೈಕೆಯ ಅಳತೆಗಳು ಎಂಬ ಮೂರು ಭಾಗಗಳ ಮೇಲೆ ಆ ಲೆಕ್ಕ ನಿಂತಿದೆ. ಆರೈಕೆಯ ಅಳತೆಗಳಲ್ಲಿ ಬಹುಪಾಲು ಸಂಸ್ಥೆಯೇ ತುಂಬಿ ಕಳಿಸುವಂಥವು. ಆದ್ದರಿಂದ ಆ ನಕ್ಷತ್ರವನ್ನು ನಾನು ಎಲ್ಲಕ್ಕಿಂತ ಕಡಿಮೆ ನಂಬುತ್ತೇನೆ. ಸಿಬ್ಬಂದಿಯ ಗಂಟೆಗಳ ಲೆಕ್ಕ ಮಾತ್ರ ಸಂಬಳದ ದಾಖಲೆಯಿಂದ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸುವವಳು ನಾನೇ. 2022ರಿಂದ ವಾರಾಂತ್ಯದಲ್ಲಿ ಎಷ್ಟು ಜನ ಇದ್ದರು, ಒಂದು ವರ್ಷದಲ್ಲಿ ಎಷ್ಟು ಜನ ಕೆಲಸ ಬಿಟ್ಟರು ಎಂಬುದನ್ನೂ ಎಣಿಸುತ್ತಾರೆ. ಶನಿವಾರ ಭಾನುವಾರ ಜನ ಕಡಿಮೆ ಇಟ್ಟು ಅದನ್ನು ಮುಚ್ಚಿಡುವ ಸುಳ್ಳು ಅಷ್ಟು ಹಳೆಯದು.

ಇಷ್ಟೆಲ್ಲ ತಿಳಿದಿದ್ದ ನಾನೇ ಧಾರವಾಡದಲ್ಲಿ ಮೋಸಹೋದೆ.

ಅವ್ವ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಶನ್ ಆದ ಮೇಲೆ ಒಂದು ಆರೈಕೆಯ ಮನೆಗೆ ಸೇರಿಸಿದೆವು. ಹೊಸ ಕಟ್ಟಡ, ಬಿಳಿ ಟೈಲ್ಸ್, ಅಂಗಳದಲ್ಲಿ ಗಣಪತಿ. ಪ್ರತಿದಿನ ಊರಿನ ಸಂಜೆ ಆರೂವರೆಗೆ, ನನಗೆ ಬೆಳಿಗ್ಗೆ ಒಂಬತ್ತಕ್ಕೆ, ವಿಡಿಯೋ ಕರೆ ಬರುತ್ತಿತ್ತು. ತಲೆ ಬಾಚಿರುತ್ತಿದ್ದರು, ಕುಂಕುಮ ಇಟ್ಟಿರುತ್ತಿದ್ದರು. ಮುಖ ನೋಡಿ ನಾನು ನಿಶ್ಚಿಂತಳಾಗುತ್ತಿದ್ದೆ. ಆರು ವಾರ ನಾನು ನೋಡಿದ್ದು ಮುಖವನ್ನು ಮಾತ್ರ ಎಂಬುದು ಆಗ ಹೊಳೆಯಲಿಲ್ಲ.

ಜುಲೈನಲ್ಲಿ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಹೋದೆ. ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ತಲುಪಿದ್ದೆವು. ಮಳೆ ಹಿಡಿದಿತ್ತು, ಮಧ್ಯಾಹ್ನ ಎರಡೂವರೆ, ಊಟ ಮುಗಿದು ಎಲ್ಲರೂ ಮಲಗುವ ಹೊತ್ತು. ಅವ್ವ ನಿದ್ದೆಯಲ್ಲಿದ್ದಳು. ಮಗಳು ಮಂಚದ ಪಕ್ಕ ನಿಂತು ಕೋಣೆಯನ್ನೆಲ್ಲ ನೋಡಿದಳು. ಮಕ್ಕಳಿಗೆ ಗಣಪತಿಯೂ ಟೈಲ್ಸೂ ಕಾಣುವುದಿಲ್ಲ ಎಂದು ತೋರುತ್ತದೆ. ಆಮೇಲೆ ಕೇಳಿದಳು: “ಆಯಿಗೆ ಅಲ್ಲಿಯವರೆಗೆ ಕೈ ಹೋಗುವುದಿಲ್ಲವಲ್ಲ, ನೀರನ್ನು ಅಲ್ಲಿ ಏಕೆ ಇಟ್ಟಿದ್ದಾರೆ?” ಸ್ಟೀಲಿನ ಲೋಟ ಕಿಟಕಿಯ ಕಟ್ಟೆಯ ಮೇಲಿತ್ತು. ತಟ್ಟೆ ಮುಚ್ಚಿತ್ತು, ನೀರು ತುಂಬಿತ್ತು. ಬೆಳಿಗ್ಗೆ ಇಟ್ಟದ್ದು ಸಂಜೆ ಹಾಗೆಯೇ ಒಳಗೆ ಹೋಗುತ್ತಿತ್ತು ಎಂದು ಪಕ್ಕದ ಮಂಚದ ಅಜ್ಜಿ ಹೇಳಿದರು.

ಅವ್ವನನ್ನು ಹೊರಳಿಸಿದಾಗ ಬೆನ್ನಿನ ಬುಡದಲ್ಲಿ ಅಂಗೈ ಅಗಲದ ಹುಣ್ಣು ಕಂಡಿತು. ಹುಣ್ಣಾಗದಂತೆ ಪಂಪಿನಿಂದ ಗಾಳಿ ತುಂಬುವ ಏರ್ ಬೆಡ್ ಇತ್ತು, ಅದಕ್ಕೆ ನಮ್ಮಿಂದ ಹಣವನ್ನೂ ಪಡೆದಿದ್ದರು. ಪಂಪಿನ ಪ್ಲಗ್ಗನ್ನು ಕಿತ್ತು ಅದೇ ಸಾಕೆಟ್ಟಿಗೆ ಯಾರೋ ಮೊಬೈಲ್ ಚಾರ್ಜಿಗೆ ಹಾಕಿದ್ದರು. ಮಂಚದ ಕಾಲಿಗೆ ಮಗ್ಗುಲು ಬದಲಿಸಿದ ಪಟ್ಟಿ ತೂಗುಬಿಟ್ಟಿತ್ತು. ಎರಡು ಗಂಟೆಗೊಮ್ಮೆ ಎಡ, ಬಲ, ಎಡ, ಬಲ. ಒಂದೇ ಪೆನ್ನು, ಒಂದೇ ಅವಸರ. ನಾನು ನೋಡುವಾಗ ಮೂರು ಗಂಟೆ. ಪಟ್ಟಿಯಲ್ಲಿ ರಾತ್ರಿ ಎಂಟರ ಚೌಕವೂ ಆಗಲೇ ತುಂಬಿತ್ತು.

ನನಗೆ ನನ್ನ ಮೇಲೆ ಸಿಟ್ಟು ಬಂದದ್ದು ಮಾತ್ರ ಬಿಲ್ಲು ನೆನಪಾದಾಗ. ತಿಂಗಳಿಗೆ 60 ಡೈಪರ್ ಎಂದು ಬರೆದಿದ್ದರು. ಬೇರೆ ಕಡೆ ಇದಕ್ಕಿಂತ ಹೆಚ್ಚು ಹಾಕುತ್ತಾರಂತೆ, ಇವರು ಪ್ರಾಮಾಣಿಕರು ಎಂದು ತಮ್ಮನಿಗೆ ಹೇಳಿದ್ದೆ. 60ನ್ನು 30ರಿಂದ ಭಾಗಿಸಿದರೆ ದಿನಕ್ಕೆ ಎರಡು. ಎದ್ದು ಬಚ್ಚಲಿಗೆ ಹೋಗಲಾರದವರು ಹನ್ನೆರಡು ಗಂಟೆ ಒದ್ದೆಯಲ್ಲಿ ಮಲಗಿದ್ದಾರೆ ಎಂದರ್ಥ. ಲೆಕ್ಕ ಹೊಟ್ಟೆಪಾಡಾಗಿರುವವಳು ಇಷ್ಟು ಭಾಗಾಕಾರ ಮಾಡಲಿಲ್ಲ.

ಆ ಮನೆಯ ಆಯಾ ಕೆಟ್ಟವಳಲ್ಲ. ರಾತ್ರಿ ಹದಿನಾಲ್ಕು ಮಂದಿಗೆ ಅವಳೊಬ್ಬಳೇ, ಅದೂ ಹನ್ನೆರಡು ಗಂಟೆಯ ಪಾಳಿ. ಅವಳನ್ನು ಬೈದು ಪ್ರಯೋಜನವಿರಲಿಲ್ಲ. ಬೈಸಿಕೊಳ್ಳಬೇಕಾದವರು ಕಚೇರಿಯಲ್ಲಿ ಕುಳಿತು ನಮಗೆ ಚಹಾ ತರಿಸಿದರು.

ಆದ್ದರಿಂದ ಗದಗಿನವರಿಗೆ ನಾನು ಹೇಳುವುದು ಇಷ್ಟು: ಆ ಜಾಗದಲ್ಲಿ ನಿಮ್ಮೊಂದಿಗೆ ನಗುತ್ತಾ ಮಾತನಾಡುವ ಅಜ್ಜನನ್ನು ನೋಡಿ ತೀರ್ಮಾನಿಸಬೇಡಿ. ಅವರು ಎಲ್ಲಿದ್ದರೂ ತಮ್ಮ ಪಾಲಿನದನ್ನು ಕೇಳಿ ಪಡೆಯುತ್ತಾರೆ. ಮಾತು ನಿಂತವರು, ಮಗ್ಗುಲಾಗಲಾರದವರು, ನೋಡಲು ಯಾರೂ ಬಾರದವರು ಇರುತ್ತಾರಲ್ಲ, ಅವರ ಮಂಚದ ಹತ್ತಿರ ಹೋಗಿ. ತುಟಿ ಒಣಗಿದೆಯೇ, ಉಗುರು ಕತ್ತರಿಸಿದ್ದಾರೆಯೇ, ಹಿಮ್ಮಡಿ ಕೆಂಪಾಗಿದೆಯೇ ನೋಡಿ. ಬೆರಳಿನಿಂದ ಒತ್ತಿದಾಗಲೂ ಬಿಳಿಚಿಕೊಳ್ಳದ ಕೆಂಪೇ ಹುಣ್ಣಿನ ಮೊದಲ ಮೆಟ್ಟಿಲು. ಹಗಲೆಲ್ಲ ತೂಕಡಿಸುವವರು ಹೆಚ್ಚಾಗಿ ಕಂಡರೆ ನಿದ್ದೆಯ ಮಾತ್ರೆ ಯಾರು ಬರೆದುಕೊಟ್ಟರು ಎಂದು ಕೇಳಿ. ಬೀಳಬಾರದೆಂದು ದುಪಟ್ಟಾದಿಂದ ಕುರ್ಚಿಗೆ ಕಟ್ಟಿದ್ದಾರೆಯೇ ಎಂಬುದನ್ನೂ ಗಮನಿಸಿ. ಅಮೆರಿಕದಲ್ಲಿ ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟುವುದನ್ನೂ ಮಾತ್ರೆ ಕೊಟ್ಟು ಮಲಗಿಸುವುದನ್ನೂ ತಡೆಯಲು 1987ರಲ್ಲಿ ಕಾನೂನೇ ಬರಬೇಕಾಯಿತು. ಊರಿನಲ್ಲಿ ಅದನ್ನು ಕಾಳಜಿ ಎಂದು ವಿವರಿಸುತ್ತಾರೆ.

ಕೇಳುವ ಪ್ರಶ್ನೆಯಲ್ಲೂ ವ್ಯತ್ಯಾಸವಿದೆ. ಎಷ್ಟು ಸಿಬ್ಬಂದಿ ಇದ್ದಾರೆ ಎಂದು ಕೇಳಿದರೆ ಮಾಲಿಯನ್ನೂ ಸೇರಿಸಿ ಹೇಳುತ್ತಾರೆ. ನಿನ್ನೆ ರಾತ್ರಿ ಯಾರಿದ್ದರು, ಹೆಸರು ಹೇಳಿ ಎನ್ನಿ. ಹದಿನೈದು ದಿನ ಬಿಟ್ಟು ಅದೇ ಹೆಸರನ್ನು ಮತ್ತೆ ಕೇಳಿ. ತೂಕದ ಪುಸ್ತಕ ಇದೆಯೇ ಎಂದೂ ಕೇಳಿ. ಒಂದು ತಿಂಗಳಿನಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿದರೆ, ಅಂದರೆ ಐವತ್ತು ಕಿಲೋ ಇರುವವರು ಎರಡೂವರೆ ಕಿಲೋ ಕಳೆದುಕೊಂಡರೆ, ಅಮೆರಿಕದಲ್ಲಿ ಅದನ್ನು ಎಚ್ಚರಿಕೆಯ ಗಂಟೆ ಎಂದು ದಾಖಲಿಸಲೇಬೇಕು. ಕಾರಣ ಹಲವು ಬಾರಿ ಸರಳವಾಗಿರುತ್ತದೆ. ಹಲ್ಲಿಲ್ಲದವರ ಮುಂದೆ ಖಡಕ್ ರೊಟ್ಟಿ ಇಟ್ಟು, ಮುಟ್ಟಲಿಲ್ಲ ಎಂದು ತಟ್ಟೆ ಎತ್ತಿರುತ್ತಾರೆ. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ, ಪಕ್ಕದಲ್ಲಿ ಕುಳಿತು ಉಣಿಸುವವರು ಇದ್ದಾರೆಯೇ? ಒಂದು ಊಟಕ್ಕೆ ಅರ್ಧ ಗಂಟೆ ಹಿಡಿಯುವ ಕೆಲಸವದು.

ಹುಬ್ಬಳ್ಳಿ-ಧಾರವಾಡಕ್ಕೆಂದೇ ಇನ್ನೆರಡು ಪ್ರಶ್ನೆಗಳಿವೆ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಟ್ಯಾಂಕ್ ಎಷ್ಟು ದೊಡ್ಡದು? ದಿನವಿಡೀ ನೀರು ಕೊಡುವ ಯೋಜನೆ 2008ರಲ್ಲಿ ಕೆಲವು ವಾರ್ಡುಗಳಲ್ಲಿ ಶುರುವಾಯಿತು. ಉಳಿದ ಕಡೆ ನೀರಿನ ಸರದಿ ಕಾಯುವುದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ನೀರು ಅಳೆದು ಖರ್ಚು ಮಾಡುವ ಮನೆಯಲ್ಲಿ ಮೊದಲು ಕಡಿತವಾಗುವುದು ಹಾಸಿಗೆ ಹಿಡಿದವರ ಸ್ನಾನ. ಎರಡನೆಯದು, ಮಳೆಗಾಲದಲ್ಲಿ ಹೊದಿಕೆಗಳನ್ನು ಎಲ್ಲಿ ಒಣಗಿಸುತ್ತೀರಿ? ಧಾರವಾಡದ ಜುಲೈ ತಿಂಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಫಿನೈಲಿನ ಘಾಟು ಶುಚಿತ್ವದ ಗುರುತಲ್ಲ. ಬೆಳಿಗ್ಗೆ ಏಳಕ್ಕೆ ಮೂತ್ರದ ವಾಸನೆ ಎಲ್ಲಿಯೂ ಸಹಜ. ಮಧ್ಯಾಹ್ನ ಮೂರಕ್ಕೂ ಪರದೆಯಲ್ಲಿ ಅದೇ ವಾಸನೆ ಇದ್ದರೆ ಹೊರಗೆ ಬನ್ನಿ.

ಬೆಂಗಳೂರಿನಲ್ಲಿ ಇಡಿ, ವಿಮಾನದಿಂದ ಇಳಿದ ಕೂಡಲೇ ನೋಡಬಹುದು ಎಂದು ಒಬ್ಬರು ಬರೆದಿದ್ದಾರೆ. ನೀವು ವರ್ಷಕ್ಕೆ ಎಷ್ಟು ಬಾರಿ ಇಳಿಯುತ್ತೀರಿ ಎಂದು ಕೇಳಬೇಕೆನಿಸುತ್ತದೆ. ವಾರಕ್ಕೆ ಎರಡು ಬಾರಿ, ಹೇಳದೆ, ಬೇರೆ ಬೇರೆ ಹೊತ್ತಿಗೆ ಹೋಗಿಬರುವ ಒಂದು ಜೀವ ಎಲ್ಲಿದೆಯೋ ಅಲ್ಲಿ ಇಡಬೇಕು ಎನ್ನುವವಳು ನಾನು. ಈಗ ಅವ್ವ ಇರುವ ಕಡೆ ಕಟ್ಟಡ ಹಳೆಯದು, ಲಿಫ್ಟ್ ಇಲ್ಲ, ಫೋಟೋದಲ್ಲಿ ಚೆಂದ ಕಾಣುವುದಿಲ್ಲ. ಆದರೆ ನಮ್ಮ ಸೋದರಮಾವ ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಮನಸ್ಸಿಗೆ ಬಂದ ಹೊತ್ತಿನಲ್ಲಿ ಬಂದು ಕೂರುತ್ತಾರೆ. ಅಲ್ಲಿಯ ಆಯಾಗಳೂ ಸುತ್ತಲಿನ ಹಳ್ಳಿಯವರು. ಮರೆವು ಹೆಚ್ಚಾದ ಮೇಲೆ ಅವ್ವನಲ್ಲಿ ಉಳಿದಿರುವ ಮಾತುಗಳೇ ಕೆಲವು. ಅವಳು “ನೀರಡಿಕೆ” ಎಂದರೆ ಬಾಯಾರಿಕೆ ಎಂದು ತಕ್ಷಣ ತಿಳಿಯಬೇಕಾದದ್ದು ಎದುರಿಗಿರುವವರಿಗೆ. ಮರೆವಿನ ಔಷಧಿಯ ವಿಷಯದಲ್ಲಿ ಎರಡನೆಯ ಅಭಿಪ್ರಾಯ ಬೇಕಾದರೆ ಧಾರವಾಡದಲ್ಲೇ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಸಂಸ್ಥೆ ಡಿಮ್ಹಾನ್ಸ್ ಇದೆ, ಬೆಂಗಳೂರಿಗೆ ಓಡಬೇಕಿಲ್ಲ.

ಕಾನೂನಿನ ಬಗ್ಗೆ ಕೇಳಿದವರಿಗೆ: ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ-ಪೋಷಣೆಯ 2007ರ ಕಾಯ್ದೆ ವಿದೇಶದಲ್ಲಿರುವ ಭಾರತೀಯ ನಾಗರಿಕರಿಗೂ ಅನ್ವಯಿಸುತ್ತದೆ. ಆಸ್ತಿ ಬರೆಸಿಕೊಂಡು ಆರೈಕೆ ಮರೆತವರು 23ನೇ ಕಲಮನ್ನು ಓದಿಕೊಳ್ಳಲಿ. ಊರಿನಲ್ಲಿರುವ ಹಿರಿಯರು ತೊಂದರೆಯಲ್ಲಿದ್ದರೆ 14567ಕ್ಕೆ ಕರೆ ಮಾಡಬಹುದು, ಅದು ಹಿರಿಯರ ಸಹಾಯವಾಣಿ.

ವಿಡಿಯೋ ಕರೆಯನ್ನು ನಾನು ಬಿಟ್ಟಿಲ್ಲ, ಆದರೆ ಹೊತ್ತು ಗೊತ್ತು ಮಾಡಿಲ್ಲ. ಮೊದಲು ಮುಖ ತೋರಿಸುತ್ತಾರೆ. ಆಮೇಲೆ ಮಗಳು ಪಕ್ಕದಿಂದ “ಲೋಟ ತೋರಿಸಿ” ಎನ್ನುತ್ತಾಳೆ. ಆಯಾಗೆ ಈಗ ಅದು ರೂಢಿಯಾಗಿದೆ, ನಗುತ್ತಾ ಫೋನನ್ನು ಮಂಚದ ಪಕ್ಕದ ಸ್ಟೂಲಿನ ಕಡೆ ತಿರುಗಿಸುತ್ತಾಳೆ. ಕೆಲವು ದಿನ ಲೋಟ ಖಾಲಿ ಇರುತ್ತದೆ. ಆ ದಿನ ಮಗಳಿಗೆ ಖುಷಿ.

ಡಿಸೆಂಬರಿನಲ್ಲಿ ಮತ್ತೆ ಹೋಗುತ್ತಿದ್ದೇವೆ. ಗದಗು ದೂರವೇನಲ್ಲ. ನೀವು ನೋಡಿಟ್ಟ ಜಾಗದ ವಿಳಾಸ ಕಳಿಸಿದರೆ ಒಂದು ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ ಬರುತ್ತೇನೆ. ನಾನು ಬರುವ ವಿಷಯವನ್ನು ದಯವಿಟ್ಟು ಅವರಿಗೆ ತಿಳಿಸಬೇಡಿ.