ಮಂಡಿ ಆಪರೇಷನ್ ಆದ ಅಮ್ಮನಿಗೆ ಕರೆಂಟ್ ಕೊಡುತ್ತಿದ್ದಾರೆ, ಮನೆಗೇ ಮೆಷಿನ್ ತರಬಹುದಾ?

ಡೊಂಬಿವಲಿ ಮಗಳು:

ಎಲ್ಲರಿಗೂ ನಮಸ್ಕಾರ. ನಾವು ಮುಂಬೈ ಹತ್ತಿರದ ಡೊಂಬಿವಲಿ ಈಸ್ಟಿನಲ್ಲಿದ್ದೇವೆ, ಊರು ಕುಮಟಾ ಕಡೆ. ಅಮ್ಮನಿಗೆ 67 ವರ್ಷ. ಬಲ ಮಂಡಿ ಬದಲಿಸಿ ಇವತ್ತಿಗೆ 19 ದಿನ. ಹೊಲಿಗೆ ಬಿಚ್ಚಿದ್ದಾರೆ, ಗಾಯ ಒಣಗಿದೆ. ವಾಕರ್ ಹಿಡಿದು ಬಾತ್‌ರೂಮಿಗೆ ಹೋಗಿ ಬರುತ್ತಾಳೆ.

ದಿನ ಬಿಟ್ಟು ದಿನ ಫಿಸಿಯೋ ಹುಡುಗ ಮನೆಗೆ ಬರುತ್ತಾನೆ. ಮಂಡಿ ಸುತ್ತ ನಾಲ್ಕು ಪ್ಯಾಡ್ ಅಂಟಿಸಿ 20 ನಿಮಿಷ ಕರೆಂಟ್ ಕೊಡುತ್ತಾನೆ. ಆಮೇಲೆ ಐದು ನಿಮಿಷ ಕಾಲು ಮಡಿಸಿ ಬಿಡಿಸಿ ಹೊರಡುತ್ತಾನೆ. ಸಿಟ್ಟಿಂಗಿಗೆ 700 ರೂಪಾಯಿ. ಕರೆಂಟ್ ಇರುವಷ್ಟು ಹೊತ್ತು ಅಮ್ಮನಿಗೆ ಹಾಯೆನಿಸುತ್ತದೆ. ಆದರೆ ಮಲಗಿದಲ್ಲೇ ಕಾಲು ನೆಟ್ಟಗೆ ಎತ್ತು ಅಂದರೆ ಏಳುವುದೇ ಇಲ್ಲ. "ಈ ತೊಡೆ ನನ್ನದೇ ಅಲ್ಲವೇನೋ ಅನ್ನಿಸ್ತದೆ" ಅಂತ ನಿನ್ನೆ ಅತ್ತುಬಿಟ್ಟಳು.

ಆನ್‌ಲೈನಿನಲ್ಲಿ ಮನೆಯಲ್ಲೇ ಕರೆಂಟ್ ಕೊಡುವ ಸಣ್ಣ ಟೆನ್ಸ್ ಮೆಷಿನ್ ಸಿಗುತ್ತದಲ್ವಾ, ಅದನ್ನೇ ತಂದು ದಿನಾ ಕೊಟ್ಟರೆ ಆಗುತ್ತಾ? ಪಕ್ಕದ ಮನೆ ಕಾಕು, ಒಳಗೆ ಸ್ಟೀಲ್ ಹಾಕಿದ್ದಾರೆ, ಕರೆಂಟ್ ತಾಗಿಸಲೇಬೇಡಿ ಅಂತ ಹೆದರಿಸಿದ್ದಾರೆ. ಎಡ ಮಂಡಿಯೂ ಸವೆದಿದೆ. ಅದಕ್ಕೆ ಈಗಿನಿಂದಲೇ ಕರೆಂಟ್ ಕೊಟ್ಟರೆ ಆಪರೇಷನ್ ತಪ್ಪುತ್ತದಾ?

ಮುಲುಂಡ್ ಫಿಸಿಯೋ:

ತಂಗಿ, ನಾನು 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮಂಡಿ ಬದಲಿಸಿದವರಲ್ಲಿ ಎಷ್ಟೋ ಜನ ಅಮ್ಮ ಹೇಳಿದ ಮಾತನ್ನೇ ನನ್ನ ಹತ್ತಿರ ಹೇಳಿದ್ದಾರೆ. ಮೊದಲು ಅವರಿಗೆ ಹೇಳಿ, ತೊಡೆ ಸತ್ತಿಲ್ಲ. ಮಂಡಿಯೊಳಗೆ ಬಾವು ಇರುವಾಗ ಅಲ್ಲಿಂದ ಹೋಗುವ ಸುದ್ದಿ ಬೆನ್ನುಹುರಿಯಲ್ಲೇ ತೊಡೆಯ ಮುಂದಿನ ಸ್ನಾಯುವಿಗೆ ಬ್ರೇಕ್ ಹಾಕುತ್ತದೆ. ಅಮ್ಮ ಮನಸ್ಸು ಮಾಡಿದರೂ ಆಜ್ಞೆ ಪೂರ್ತಿ ಇಳಿಯುವುದಿಲ್ಲ. ಆಪರೇಷನ್ ಆದ ಮೊದಲ ತಿಂಗಳಲ್ಲಿ ಈ ಸ್ನಾಯು ಅರ್ಧದಷ್ಟು ಬಲ ಕಳೆದುಕೊಳ್ಳುವುದು ಮಾಮೂಲು. ಅಮ್ಮನದು ಸೋಮಾರಿತನ ಅಲ್ಲ, ಹೆದರಿಕೆಯೂ ಅಲ್ಲ.

ಈಗ ಕರೆಂಟಿನ ವಿಷಯ. ನಾಲ್ಕು ಪ್ಯಾಡ್ ಅಂದರೆ ಬಹುಶಃ ಐಎಫ್‌ಟಿ. ಒಂದು ಜೋಡಿಯಲ್ಲಿ ಸೆಕೆಂಡಿಗೆ 4000 ಸಲ, ಇನ್ನೊಂದರಲ್ಲಿ 4100 ಸಲ ಅಂತ ಅಡ್ಡಡ್ಡ ಬಿಟ್ಟರೆ, ಎರಡೂ ಸೇರುವ ಕಡೆ 100ರ ಮಿಡಿತ ಹುಟ್ಟುತ್ತದೆ. ಟೆನ್ಸ್ ಮೆಷಿನ್ ಸುಮಾರು ಅದೇ ಮಿಡಿತವನ್ನು ನೇರವಾಗಿ ಕೊಡುತ್ತದೆ. ಎರಡೂ ನೋವಿಗೆ. ಮೊಣಕೈ ಬಾಗಿಲಿಗೆ ಬಡಿದಾಗ ಗಸಗಸ ತಿಕ್ಕಿಕೊಳ್ಳುತ್ತೇವಲ್ವಾ, ಆಗ ಸ್ಪರ್ಶದ ನರಗಳು ನೋವಿನ ಸುದ್ದಿಗೆ ಬಾಗಿಲು ಹಾಕುತ್ತವೆ. ಮೆಲ್ಝಾಕ್ ಮತ್ತು ವಾಲ್ ಅನ್ನೋ ಇಬ್ಬರು ವಿಜ್ಞಾನಿಗಳು 1965ರಲ್ಲಿ ಇದನ್ನೇ ಗೇಟ್ ಥಿಯರಿ ಅಂತ ವಿವರಿಸಿದರು. ಹಾಗಾಗಿ ಅಮ್ಮನಿಗೆ ಹಾಯೆನಿಸುವುದು ಸುಳ್ಳಲ್ಲ. ಆದರೆ ಪ್ಯಾಡ್ ತೆಗೆದ ಸ್ವಲ್ಪ ಹೊತ್ತಿಗೆ ಅದೂ ಮುಗಿಯುತ್ತದೆ. ಅದರಿಂದ ತೊಡೆ ಏಳುವುದಿಲ್ಲ.

ತೊಡೆ ಎಬ್ಬಿಸುವ ಕರೆಂಟೇ ಬೇರೆ, ಅದಕ್ಕೆ ಎನ್‌ಎಂಇಎಸ್ ಅಂತಾರೆ. ಒಂದು ದೊಡ್ಡ ಪ್ಯಾಡ್ ತೊಡೆಯ ಮೇಲ್ಭಾಗದ ಹೊರಮಗ್ಗುಲಿಗೆ, ಇನ್ನೊಂದು ಮಂಡಿಚಿಪ್ಪಿಗಿಂತ ಮೇಲೆ ಒಳಮಗ್ಗುಲಿಗೆ. 10 ಸೆಕೆಂಡ್ ಕರೆಂಟ್, 30ರಿಂದ 50 ಸೆಕೆಂಡ್ ವಿಶ್ರಾಂತಿ. ಇಷ್ಟು ಬಿಡುವು ಯಾಕೆಂದರೆ, ಕರೆಂಟ್ ಪ್ರತಿಸಲ ಸ್ನಾಯುವಿನ ಅದೇ ಎಳೆಗಳನ್ನು ಹಿಡಿದು ದುಡಿಸುತ್ತದೆ, ಅವು ಬೇಗ ಸೋಲುತ್ತವೆ. ಸುಮ್ನೆ ಜುಮ್ ಅಂದರೆ ಸಾಲದು. ತೊಡೆ ಕಣ್ಣೆದುರಿಗೇ ಗಟ್ಟಿಯಾಗಬೇಕು, ಚಿಪ್ಪು ಸೊಂಟದ ಕಡೆಗೆ ಸರಿಯಬೇಕು. ನಾನು ಮಂಡಿ ಕೆಳಗೆ ಟವಲ್ ಸುರುಳಿ ಇಟ್ಟು, ಚಿಪ್ಪಿನ ಮೇಲೆ ಪೇಷಂಟಿನ ಬೆರಳನ್ನೇ ಇಡಿಸುತ್ತೇನೆ. "ಈಗ ಬಂತು, ನೀವೂ ಒತ್ತಿ, ಟವಲ್ ಚಪ್ಪಟೆ ಮಾಡಿ" ಅನ್ನುತ್ತೇನೆ. ಆ ಚಿಪ್ಪು ತನ್ನ ಬೆರಳ ಕೆಳಗೆ ಸರಿದದ್ದು ಗೊತ್ತಾದಾಗ ಅವರ ಮುಖ ನೋಡಬೇಕು. ಕರೆಂಟ್ ಬಂದಾಗ ತಾನೂ ಒತ್ತಬೇಕು, ಇದು ಮುಖ್ಯ. ಮಲಗಿ ಟಿವಿ ನೋಡುತ್ತಾ ತೆಗೆದುಕೊಂಡರೆ ಅರ್ಧ ಕೆಲಸವೂ ಆಗುವುದಿಲ್ಲ.

ಕಾಕು ಭಯ ಪೂರ್ತಿ ತಪ್ಪೂ ಅಲ್ಲ. ಒಳಗಿರುವುದು ಹೆಚ್ಚಾಗಿ ಕೋಬಾಲ್ಟ್ ಕ್ರೋಮಿಯಂ, ನಡುವೆ ಪ್ಲಾಸ್ಟಿಕ್. ಶಾರ್ಟ್‌ವೇವ್ ಡಯಾಥರ್ಮಿ ಅನ್ನೋ ಶಾಖದ ಮೆಷಿನ್ ಅದರ ಹತ್ತಿರವೂ ಬರಬಾರದು, ಲೋಹ ಕಾಯುತ್ತದೆ. ಟೆನ್ಸ್, ಎನ್‌ಎಂಇಎಸ್ ಹಾಗಲ್ಲ, ಮಂಡಿ ಬದಲಿಸಿದವರಿಗೆ ಧಾರಾಳವಾಗಿ ಕೊಡುತ್ತಾರೆ. ಸರ್ಜನ್‌ಗೆ ಒಂದು ಮಾತು ಹೇಳಿಡಿ, ಪ್ಯಾಡ್ ಗಾಯದ ಮೇಲೆ ಬೇಡ.

ಎಡ ಮಂಡಿಗೆ ಬೇಸರದ ಉತ್ತರ ಕೊಡಬೇಕಾಗಿದೆ. ಸವೆದುಹೋದದ್ದು ಕರೆಂಟಿನಿಂದ ಮತ್ತೆ ಬೆಳೆಯುವುದಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ, ಮಂಡಿ ಸವೆತಕ್ಕೆ ಟೆನ್ಸ್, ಐಎಫ್‌ಟಿ ಯಾವುದನ್ನೂ ಕೊಡಬೇಡಿ, ಉಪಯೋಗಕ್ಕೆ ಸಾಕಷ್ಟು ಪುರಾವೆ ಇಲ್ಲ, ವ್ಯಾಯಾಮ ಮಾಡಿಸಿ ಅಂತಲೇ ಹೇಳಿದೆ. ಆ ಕಾಲಿನ ತೊಡೆಯನ್ನೂ ಇವತ್ತಿನಿಂದಲೇ ಗಟ್ಟಿ ಮಾಡಿಸಿ.

ಠಾಣೆ ಅಣ್ಣ:

ಮೆಷಿನ್ ತರುವ ಮೊದಲು ಇದನ್ನೊಂದು ಓದಿಬಿಡಿ. ನಮ್ಮ ಸೋದರಮಾವನಿಗೆ 15 ವರ್ಷದಿಂದ ಶುಗರ್. ಪಾದ ಮರಗಟ್ಟಿದ ಹಾಗೆ. ಒಂದು ಕ್ಲಿನಿಕ್ಕಿನಲ್ಲಿ ಕಣಕಾಲಿಗೆ ಕರೆಂಟ್ ಇಟ್ಟು, ಆಯಾ ಬೇರೆ ಪೇಷಂಟ್ ಕಡೆ ಹೋದಳಂತೆ. ಇವರಿಗೆ ಗೊತ್ತಾಗುತ್ತಿಲ್ಲ, ಇನ್ನೂ ಜಾಸ್ತಿ ಮಾಡಿ ಅಂದಿದ್ದಾರೆ. ಜಾಸ್ತಿ ಮಾಡಿದ್ದಾರೆ. ಮನೆಗೆ ಬಂದು ಸಾಕ್ಸ್ ತೆಗೆದರೆ ನಾಲ್ಕಾಣೆಯಷ್ಟು ಅಗಲದ ಕೆಂಪು ಗುರುತು, ಮರುದಿನ ಬೊಬ್ಬೆ. ಅದು ಮಾಯಲು ಎರಡು ತಿಂಗಳು ಬೇಕಾಯಿತು. ಮಳೆಗಾಲ ಬೇರೆ. ದಿನಾ ಡ್ರೆಸ್ಸಿಂಗಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಅಮ್ಮನಿಗೆ ಶುಗರ್ ಇದೆಯಾ?

ಮುಲುಂಡ್ ಫಿಸಿಯೋ:

ಅಣ್ಣ, ಓದಿ ಸಂಕಟವಾಯಿತು. ಅದು ಆಗಬಾರದಿತ್ತು. ಪ್ಯಾಡಿನ ಅಂಚು ಎದ್ದರೆ ಅಥವಾ ಜೆಲ್ ಒಣಗಿದರೆ ಅಷ್ಟೂ ಕರೆಂಟ್ ಒಂದು ಚೂರು ಚರ್ಮದಲ್ಲೇ ನುಗ್ಗುತ್ತದೆ. ಸ್ಪರ್ಶ ಇರುವವರು "ಚುಚ್ಚುತ್ತಿದೆ" ಅಂತ ಕೂಗುತ್ತಾರೆ, ಮಾವನವರಿಗೆ ಗೊತ್ತೇ ಆಗಲಿಲ್ಲ. ಕರೆಂಟ್ ಇಡುವ ಮೊದಲು ಕಣ್ಣು ಮುಚ್ಚಿಸಿ, ಹತ್ತಿ ಮುಟ್ಟಿಸಿ, ಮೊನೆ ಯಾವುದು ಮೊಂಡು ಯಾವುದು ಅಂತ ಕೇಳಬೇಕು. ಎರಡು ನಿಮಿಷದ ಕೆಲಸ. ನಾನು ಒಬ್ಬರಿಗೂ ಈ ಪರೀಕ್ಷೆ ತಪ್ಪಿಸುವುದಿಲ್ಲ.

ತಂಗಿ, ಪೇಸ್‌ಮೇಕರ್ ಇದ್ದರೆ ಮನೆಯಲ್ಲಿ ಮೆಷಿನ್ ಮುಟ್ಟಲೇಬೇಡಿ. ಕುತ್ತಿಗೆಯ ಮುಂಭಾಗಕ್ಕೆ ಯಾರಿಗೂ ಪ್ಯಾಡ್ ಇಡಬಾರದು. ಇನ್ನೊಂದು, ಮೀನಖಂಡ ಬಿಗಿದು, ಬಿಸಿಯಾಗಿ, ಒಂದೇ ಕಾಲು ಊದಿದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ಆಗ ಕರೆಂಟೂ ಬೇಡ, ಮಾಲೀಶೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ.

ಡೊಂಬಿವಲಿ ಮಗಳು:

ಅಕ್ಕ, ಮೂರು ವಾರ ಆದಮೇಲೆ ಬರೆಯುತ್ತಿದ್ದೇನೆ. ಅಮ್ಮನಿಗೆ ಶುಗರ್ ಇಲ್ಲ ಅಣ್ಣ, ಪೇಸ್‌ಮೇಕರೂ ಇಲ್ಲ. ನೀವು ಹೇಳಿದ್ದನ್ನು ಫಿಸಿಯೋ ಹುಡುಗನಿಗೆ ತೋರಿಸಲು ಸಂಕೋಚವಾಗಿತ್ತು. ನೇರವಾಗಿ ಕೇಳಿದೆ, ಇದು ನೋವಿಗಾ, ತೊಡೆಗಾ ಅಂತ. ಪಾಪ, ಬೇಜಾರು ಮಾಡಿಕೊಳ್ಳಲಿಲ್ಲ. "ಆಂಟಿ ನೋವು ನೋವು ಅಂತಿದ್ದರಲ್ಲ, ಅದಕ್ಕೇ" ಅಂದ. ಸರ್ಜನ್‌ಗೆ ಫೋನ್ ಮಾಡಿ ಕೇಳಿಕೊಂಡು, ಮುಂದಿನ ಸಲ ಬೇರೆ ಮೆಷಿನ್ ತಂದ.

ಮೊದಲ ದಿನ ಅಮ್ಮ ಕಿರುಚಿದಳು. ಮೂರನೇ ದಿನ ಟವಲ್ ಒತ್ತಿದಳು. ಎರಡನೇ ವಾರ ಬೆಳಿಗ್ಗೆ ನಾನು ಡಬ್ಬಿ ಕಟ್ಟುತ್ತಿದ್ದಾಗ ಒಳಗಿಂದ ಕರೆದಳು. ಹೋಗಿ ನೋಡಿದರೆ ಹಿಮ್ಮಡಿ ಹಾಸಿಗೆಯಿಂದ ಒಂದು ಗೇಣು ಮೇಲಿದೆ! ಪ್ಯಾಡೂ ಇಲ್ಲ, ಕರೆಂಟೂ ಇಲ್ಲ. 8.12ರ ಲೋಕಲ್ ತಪ್ಪಿಸಿಕೊಂಡೆ, ಪರವಾಗಿಲ್ಲ.

ಮೆಷಿನ್ ಕೊಳ್ಳಲಿಲ್ಲ. ಈಗ ಕರೆಂಟ್ ನಿಲ್ಲಿಸಿ ಬರೀ ವ್ಯಾಯಾಮ ಮಾಡಿಸುತ್ತಿದ್ದಾನೆ. ಎರಡೂ ಕಾಲಿಗೆ. ನಾವಿರುವುದು ಎರಡನೇ ಮಾಳಿಗೆ, ಲಿಫ್ಟ್ ಇಲ್ಲ. ಸೊಸೈಟಿ ಗಣಪತಿಗೆ ಕೆಳಗೆ ಇಳಿಯಲೇಬೇಕು ಅಂತ ಅಮ್ಮನ ಹಟ. ಮೆಟ್ಟಿಲು ಇಳಿಯುವಾಗ ಯಾವ ಕಾಲು ಮೊದಲು ಇಡಬೇಕು ಅಕ್ಕ?

ಮುಲುಂಡ್ ಫಿಸಿಯೋ:

ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು, ಹತ್ತುವಾಗ ಇನ್ನೊಂದು ಕಾಲು ಮೊದಲು. ಒಂದು ಕೈ ಕಟಕಟೆ ಮೇಲೆ. ನೀವು ಅವರಿಗಿಂತ ಒಂದು ಮೆಟ್ಟಿಲು ಕೆಳಗಿರಿ. ಮಳೆ ನೀರು ಬಿದ್ದಿದ್ದರೆ ಒರೆಸಿಯೇ ಇಳಿಸಿ.