ಬ್ರಿಟನ್ ಕಾರ್ಪೊರೇಷನ್ ತೆರಿಗೆ: ನನ್ನ ಲೆಕ್ಕಕ್ಕೂ ಅಕೌಂಟೆಂಟ್ ಲೆಕ್ಕಕ್ಕೂ 2,400 ಪೌಂಡ್ ವ್ಯತ್ಯಾಸ, ಏಕೆ?

ರೀಡಿಂಗ್‌ವಾಸಿ:
ನಮಸ್ಕಾರ. ರೀಡಿಂಗ್‌ನಲ್ಲಿ ನನ್ನದೊಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಇದೆ, ಷೇರುಗಳೆಲ್ಲ ನನ್ನವೇ. 2025ರ ಮಾರ್ಚ್ 31ಕ್ಕೆ ಮುಗಿದ ವರ್ಷದ ತೆರಿಗೆಯೋಗ್ಯ ಲಾಭ 90,000 ಪೌಂಡ್. ನನ್ನ ಎಕ್ಸೆಲ್ ಹಾಳೆಯಲ್ಲಿ ತೆರಿಗೆ 20,100 ಬರುತ್ತದೆ, ಅಕೌಂಟೆಂಟ್ ಕಳಿಸಿದ ಕರಡಿನಲ್ಲಿ 22,500 ಇದೆ. ಕೇಳಿದರೆ, ‘ನಿಮಗೆ ಎರಡು ಅಸೋಸಿಯೇಟೆಡ್ ಕಂಪನಿಗಳಿವೆ’ ಎಂಬ ಒಂದೇ ಸಾಲಿನ ಉತ್ತರ.

ಆ ಎರಡರಲ್ಲಿ ಒಂದು, ಹೆಂಡತಿಯ ಕೇಕ್ ವ್ಯಾಪಾರದ ಕಂಪನಿ, ಪೂರ್ತಿ ಅವಳದೇ. ಇನ್ನೊಂದು ಮೈಸೂರಿನ ಪ್ರೈವೇಟ್ ಲಿಮಿಟೆಡ್. 60% ನನ್ನದು, 40% ತಮ್ಮನದು. ಬ್ರಿಟನ್ನಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅದನ್ನೂ ಇಲ್ಲಿ ಎಣಿಸಬೇಕೇ?

ಜಮಾಖರ್ಚು:
ಎರಡೂ ಲೆಕ್ಕಗಳ ಕೂಡು-ಕಳೆಯುವಿಕೆ ಸರಿಯಾಗಿಯೇ ಇದೆ. ವ್ಯತ್ಯಾಸ ಇರುವುದು ಕಂಪನಿಗಳ ಎಣಿಕೆಯಲ್ಲಿ.

2023ರ ಏಪ್ರಿಲ್ 1ರಿಂದ 50,000 ಪೌಂಡ್‌ವರೆಗಿನ ಲಾಭಕ್ಕೆ 19%, 2,50,000 ದಾಟಿದರೆ 25%. ನಡುವೆ ಇರುವವರು 25% ಲೆಕ್ಕ ಹಾಕಿ, ಮೇಲಿನ ಮಿತಿಗೂ ಲಾಭಕ್ಕೂ ಇರುವ ಅಂತರದ 200ರಲ್ಲಿ 3 ಭಾಗವನ್ನು ರಿಯಾಯಿತಿಯಾಗಿ ಕಳೆಯುತ್ತಾರೆ. ನಿಮ್ಮದು ಒಂಟಿ ಕಂಪನಿಯಾದರೆ ಆ ರಿಯಾಯಿತಿ 2,400, ತೆರಿಗೆ 20,100.

ಆದರೆ ಅಸೋಸಿಯೇಟೆಡ್ ಕಂಪನಿಗಳಿದ್ದರೆ, ಅಂದರೆ ಒಬ್ಬರದೇ ಹಿಡಿತದಲ್ಲಿರುವ ಬೇರೆ ಕಂಪನಿಗಳಿದ್ದರೆ, ಎರಡೂ ಮಿತಿಗಳನ್ನು ಒಟ್ಟು ಕಂಪನಿಗಳ ಸಂಖ್ಯೆಯಿಂದ ಭಾಗಿಸಬೇಕು, ನಿಮ್ಮದನ್ನೂ ಸೇರಿಸಿ. ಮೂರು ಎಂದಾದರೆ ಮೇಲಿನ ಮಿತಿ 83,333ಕ್ಕೆ ಇಳಿಯುತ್ತದೆ. ನಿಮ್ಮ 90,000 ಅದನ್ನು ದಾಟಿದ್ದರಿಂದ ರಿಯಾಯಿತಿ ಪೂರ್ತಿ ಹೋಯಿತು.

ಕಂಪನಿ ಯಾವ ದೇಶದಲ್ಲಿದೆ ಎಂಬುದು ಮುಖ್ಯವಲ್ಲ. ಎರಡೂ ಕಂಪನಿಗಳು ಒಬ್ಬರದೇ ಹಿಡಿತದಲ್ಲಿವೆಯೇ ಎಂಬುದಷ್ಟೇ ಪ್ರಶ್ನೆ. 60% ಇದ್ದ ಮೇಲೆ ಮೈಸೂರಿನದು ನಿಮ್ಮ ಹಿಡಿತದಲ್ಲೇ ಇದೆ.

ಮಿಲ್ಟನ್‌ಕೀನ್ಸ್:
ಹೆಂಡತಿಯ ಕಂಪನಿ ಎಂದ ಮೇಲೆ ಅದೂ ಸೇರಲೇಬೇಕಲ್ಲವೇ? ನಮ್ಮ ಮನೆಯಲ್ಲಿ ಹಾಗೆಯೇ ಎಣಿಸಿದ್ದಾರೆ.

ಜಮಾಖರ್ಚು:
ಇಲ್ಲ ಸರ್. ಈ ಗೊಂದಲ ಬಹಳ ಕಡೆ ಇದೆ, ಕೆಲವು ಅಕೌಂಟೆಂಟರಲ್ಲೂ. ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು, ಒಡಹುಟ್ಟಿದವರು ಇವರ ಷೇರುಗಳನ್ನು ನಿಮ್ಮ ಷೇರುಗಳೆಂದು ಭಾವಿಸಿ ಹಿಡಿತ ನಿರ್ಧರಿಸುವುದು, ಆ ಎರಡು ಕಂಪನಿಗಳ ನಡುವೆ ಗಣನೀಯ ವಾಣಿಜ್ಯ ಅವಲಂಬನೆ ಇದ್ದಾಗ ಮಾತ್ರ. ಅದು ಹಣದ ಅವಲಂಬನೆ ಇರಬಹುದು, ಒಂದೇ ಗಿರಾಕಿಗಳು ಅಥವಾ ಒಂದೇ ಗುರಿಯಂಥ ವ್ಯವಹಾರದ ನಂಟಿರಬಹುದು, ಇಲ್ಲವೇ ಆಡಳಿತ, ನೌಕರರು, ಜಾಗ, ಸಲಕರಣೆಗಳನ್ನು ಹಂಚಿಕೊಳ್ಳುವುದಿರಬಹುದು. ಒಂದೇ ಒಂದು ಸಾಕು, ಆದರೆ ಅದು ಗಣನೀಯವಾಗಿರಬೇಕು. ಒಂದೇ ಮನೆಯಲ್ಲಿ ಊಟ ಮಾಡುವುದು ಲೆಕ್ಕಕ್ಕಿಲ್ಲ.

ರೀಡಿಂಗ್‌ವಾಸಿಯವರೇ, ನಿಮ್ಮ ಕಂಪನಿಗೂ ಕೇಕ್ ಕಂಪನಿಗೂ ಏನೇನು ಕೊಡುಕೊಳ್ಳುವಿಕೆ ಇದೆ? ಮೈಸೂರಿನದು ಈಗ ಏನು ಮಾಡುತ್ತಿದೆ?

ರೀಡಿಂಗ್‌ವಾಸಿ:
ಓವನ್ ಕೊಳ್ಳಲು ನನ್ನ ಕಂಪನಿಯಿಂದ 6,000 ಪೌಂಡ್ ಸಾಲ ಕೊಟ್ಟಿದ್ದೆ, 2023ರಲ್ಲೇ ತೀರಿದೆ. ಎರಡರ ನೋಂದಾಯಿತ ವಿಳಾಸವೂ ನಮ್ಮ ಮನೆ. ಅವಳು ಕೇಕ್ ಮಾಡುವುದು ಬಾಡಿಗೆಯ ಅಡುಗೆಮನೆಯಲ್ಲಿ. ಗಿರಾಕಿಗಳು ಬೇರೆ, ನೌಕರರು ಇಲ್ಲ.

ಮೈಸೂರಿನ ಕಂಪನಿ ಪ್ರಾಜೆಕ್ಟ್ ನಿಲ್ಲಿಸಿ ಎರಡು ವರ್ಷವಾಯಿತು. ಬ್ಯಾಂಕಿನಲ್ಲಿ ಠೇವಣಿ ಇದೆ, ಬಡ್ಡಿ ಬರುತ್ತದೆ, ಅಷ್ಟೇ.

ಜಮಾಖರ್ಚು:
ಅಷ್ಟೇ ಎಂದಾದರೆ ಒಳ್ಳೆಯ ಸುದ್ದಿ. ಆ ವರ್ಷದಲ್ಲಿ ಯಾವ ವ್ಯಾಪಾರವನ್ನೂ ವ್ಯವಹಾರವನ್ನೂ ನಡೆಸದ ಕಂಪನಿಯನ್ನು ಎಣಿಸಬೇಕಾಗಿಲ್ಲ. ವ್ಯಾಪಾರ ನಿಂತು, ಠೇವಣಿಯ ಬಡ್ಡಿ ಮಾತ್ರ ಬರುತ್ತಿದ್ದ ಕಂಪನಿ ವ್ಯವಹಾರ ನಡೆಸುತ್ತಿಲ್ಲವೆಂದು ಇಂಗ್ಲೆಂಡಿನ ಹೈಕೋರ್ಟ್ 1998ರಲ್ಲಿ, ಓನೀಲ್ ಆ್ಯಂಡ್ ಬ್ರೆನನ್ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ ಹೇಳಿದೆ. ಆದರೂ ಮೈಸೂರಿನ ಬ್ಯಾಲೆನ್ಸ್ ಶೀಟ್ ಒಮ್ಮೆ ತೆರೆದು ನೋಡಿ. ಕಟ್ಟಡ, ನಿವೇಶನ ಏನಾದರೂ ಇದೆಯೇ?

ರೀಡಿಂಗ್‌ವಾಸಿ:
ತಮ್ಮನನ್ನು ಕೇಳಿದೆ. ಹಳೆಯ ಕಚೇರಿಯ ಮಹಡಿ ಕಂಪನಿಯ ಹೆಸರಿನಲ್ಲೇ ಇದೆ. 2024ರ ಜೂನ್‌ನಿಂದ ಒಂದು ಟ್ಯೂಷನ್ ಕೇಂದ್ರಕ್ಕೆ ಬಾಡಿಗೆಗೆ ಕೊಟ್ಟಿದ್ದಾನಂತೆ.

ಜಮಾಖರ್ಚು:
ಹಾಗಾದರೆ ಎಣಿಸಿ. ಆಸ್ತಿ ಬಾಡಿಗೆಗೆ ಕೊಡುವುದನ್ನು ಸಾಮಾನ್ಯವಾಗಿ ವ್ಯವಹಾರವೆಂದೇ ನೋಡುತ್ತಾರೆ. ಬಾಡಿಗೆ ಶುರುವಾದದ್ದು ಜೂನ್‌ನಲ್ಲಿ ಎಂದು ಮಿತಿಯನ್ನು ತಿಂಗಳ ಲೆಕ್ಕದಲ್ಲಿ ಕತ್ತರಿಸುವಂತಿಲ್ಲ; ವರ್ಷದ ಒಂದು ಭಾಗಕ್ಕೆ ಅಸೋಸಿಯೇಟೆಡ್ ಆದರೂ ಇಡೀ ವರ್ಷಕ್ಕೆ ಎಣಿಕೆ.

ಕೇಕ್ ಕಂಪನಿಯನ್ನು ನಾನಾದರೆ ಬಿಡುತ್ತೇನೆ. ಈ ವರ್ಷದಲ್ಲಿ ಸಾಲ ಇಲ್ಲ, ಜಾಗ ಬೇರೆ, ಗಿರಾಕಿ ಬೇರೆ. ಅಂಚೆ ಬರುವ ವಿಳಾಸ ಒಂದೇ ಎಂಬುದನ್ನು ಗಣನೀಯ ಅವಲಂಬನೆ ಎನ್ನಲಾಗದು. ಈ ಕಾರಣಗಳನ್ನು ಬರೆದು ದಿನಾಂಕ ಹಾಕಿ ಕಡತದಲ್ಲಿಡಿ. ಮುಂದೆ ಮತ್ತೆ ಸಾಲ ಕೊಟ್ಟರೆ ಆ ವರ್ಷ ಹೊಸದಾಗಿ ಯೋಚಿಸಬೇಕು.

ಅಲ್ಲಿಗೆ ಅಸೋಸಿಯೇಟೆಡ್ ಕಂಪನಿ ಒಂದು. ಮೇಲಿನ ಮಿತಿ 1,25,000, ರಿಯಾಯಿತಿ 525, ತೆರಿಗೆ 21,975. ಕಂಪನಿಯ ತೆರಿಗೆ ವಿವರ ಸಲ್ಲಿಸುವ ಸಿಟಿ600 ನಮೂನೆಯ 326ನೇ ಚೌಕದಲ್ಲಿ 1 ಎಂದು ಬರೆಯಿಸಿ. ನಿಮ್ಮ ಕಂಪನಿಯನ್ನು ಅದರಲ್ಲಿ ಸೇರಿಸಬೇಡಿ.

ಮಿಲ್ಟನ್‌ಕೀನ್ಸ್:
ನಮ್ಮದು ಆಗಲೇ ಸಲ್ಲಿಕೆಯಾಗಿದೆ. ತಿದ್ದಬಹುದೇ?

ಜಮಾಖರ್ಚು:
ಸಲ್ಲಿಸಬೇಕಿದ್ದ ಕೊನೆಯ ದಿನಾಂಕದಿಂದ 12 ತಿಂಗಳವರೆಗೆ ತಿದ್ದುಪಡಿ ಸಲ್ಲಿಸಬಹುದು. ಮೊದಲು ನಿಮ್ಮ ಎರಡು ಕಂಪನಿಗಳ ನಡುವಿನ ಸಾಲದ ಖಾತೆ ನೋಡಿ, ಬಾಕಿ ಇದ್ದರೆ ಎಣಿಸಿದ್ದೇ ಸರಿಯಿರಬಹುದು. ತಿದ್ದುವುದಾದರೆ ಮನೆಯವರ ಕಂಪನಿಯ ನಮೂನೆಯನ್ನೂ ಜೊತೆಗೇ ತಿದ್ದಿಸಿ. ಒಂದರಲ್ಲಿ ಅಸೋಸಿಯೇಟೆಡ್, ಇನ್ನೊಂದರಲ್ಲಿ ಅಲ್ಲ ಎಂದಿದ್ದರೆ ತೆರಿಗೆ ಇಲಾಖೆಯಿಂದ ಪತ್ರ ಬಂದೀತು.